ಬನವಾಸಿಯು ದಕ್ಷಿಣ ಅಮೆರಿಕದಲ್ಲಿದೆ: ಎಕ್ಕಂಬಿ ಮಾರ್ಗವಾಗಿ ಒಂದು ನಿರ್ಣಯ

ಬನವಾಸಿಯು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನಲ್ಲಿದೆ ಎಂಬ ಮತಕ್ಕೆ ಕಂದಾಯ ಇಲಾಖೆಯ ಕಾಗದಪತ್ರ ಬಿಟ್ಟರೆ ಬೇರೆ ಆಧಾರವಿಲ್ಲ. ಈ ಪ್ರಬಂಧವು ಆ ಮತವನ್ನು ಖಂಡಿಸಿ, ಕದಂಬರ ರಾಜಧಾನಿ ಇರುವುದು ದಕ್ಷಿಣ ಅಮೆರಿಕದಲ್ಲೆಂದೂ, ಇಂಕಾ ದೊರೆಗಳ ಕುಸ್ಕೊ ಎಂದು ಪೆರು ದೇಶದವರು ತೋರಿಸುವ ಊರು ಇದೇ ಎಂದೂ ಸ್ಥಾಪಿಸುತ್ತದೆ. ಪ್ರಮಾಣಕ್ಕೆ ಪ್ರವಾಸಿಯೊಬ್ಬನ ಮೊದಲ ದಿನ ಸಾಕು. ಎರಡನೆಯ ದಿನ ಅವನು ಊರವರನ್ನು ವಿಚಾರಿಸತೊಡಗುತ್ತಾನೆ, ಸಂಶೋಧನೆ ಕೆಡುತ್ತದೆ.

ಪ್ರವಾಸಿಯು ಹುಬ್ಬಳ್ಳಿ ಬಸ್ಸಿನಿಂದ ಎಕ್ಕಂಬಿಯಲ್ಲಿ ಇಳಿಯತಕ್ಕದ್ದು. ನೆಟ್ಟಗೆ ಶಿರಸಿಗೆ ಟಿಕೆಟ್ಟು ಮಾಡಿಸುವವರಿಗೆ ಇತಿಹಾಸ ಒಲಿಯುವುದಿಲ್ಲ. ಮಲೆನಾಡು ಇಲ್ಲಿ ಬಯಲುಸೀಮೆಗೆ ಸೋಲುತ್ತ ಬರುತ್ತದೆ. ಭತ್ತದ ಗದ್ದೆಯ ನೆರೆಗೇ ಗೋವಿನಜೋಳ. ಚಹಾದಂಗಡಿಯಲ್ಲಿ ಮಂಡಕ್ಕಿಯ ಜೊತೆ ಮಿರ್ಚಿ. ಗೋವಿನಜೋಳವನ್ನೂ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರನ್ನೂ ಮನುಷ್ಯ ಮೊದಲು ಬೆಳೆಗೆ ಒಗ್ಗಿಸಿಕೊಂಡದ್ದು ಮೆಕ್ಸಿಕೋದಲ್ಲಿ. ಆದಕಾರಣ ಎಕ್ಕಂಬಿಯೇ ಮೆಕ್ಸಿಕೋ. ಅದು ಉತ್ತರಕ್ಕೂ ಬನವಾಸಿ ದಕ್ಷಿಣಕ್ಕೂ ಇರುವುದು ಕಾಕತಾಳೀಯವಲ್ಲ. ನಡುವೆ ಎಲ್ಲರೂ ಇಳಿದು ಬೇರೆ ಬಸ್ಸು ಹತ್ತಲೇಬೇಕಾದ ಶಿರಸಿಯನ್ನು ಪನಾಮಾ ಎನ್ನದೆ ಇನ್ನೇನೆನ್ನಬೇಕು?

ಇಷ್ಟಕ್ಕೇ ನಗುವವರು 1989ನ್ನು ನೆನೆಯಲಿ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಗೋವಿನಜೋಳದ ತೆನೆಯೇ, ಆದ್ದರಿಂದ ಕೊಲಂಬಸ್ಸಿಗಿಂತ ಮೊದಲೇ ಅಮೆರಿಕದ ನಂಟಿತ್ತು ಎಂದು ಕಾರ್ಲ್ ಜೊಹಾನೆಸ್ಸೆನ್ ಮತ್ತು ಆನ್ ಪಾರ್ಕರ್ ಆ ವರ್ಷ ಗಂಭೀರವಾಗಿಯೇ ಬರೆದಿದ್ದರು. ಅವರ ತೆನೆ ಕಲ್ಲಿನದು. ನಮ್ಮದನ್ನು ಸುಟ್ಟು, ಉಪ್ಪುಖಾರ ಸವರಿ ಕೊಡುತ್ತಾರೆ. ಯಾವ ಪ್ರಮಾಣ ಹೆಚ್ಚು ಬಲವಾದದ್ದೆಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಪನಾಮಾ ದಾಟುವಾಗ ಆಲೂಗಡ್ಡೆ ಬೋಂಡ ತಿನ್ನುವುದರೊಂದಿಗೆ ಆಂಡೀಸ್ ಪರ್ವತ ಆರಂಭ. ಬಸ್ಸಿನ ಕಿಟಕಿಯಲ್ಲಿ ಕೊಂಡ ಶೇಂಗಾ ಮುಗಿಯುವ ಹೊತ್ತಿಗೆ ಬೊಲಿವಿಯಾ. ಬನವಾಸಿಯಲ್ಲಿ ಇಳಿದರೆ ಸುತ್ತಲೂ ಅನಾನಸ್ ತೋಟ! ಈ ಹಣ್ಣಿನ ತವರು ಪರಾನಾ ನದಿಯ ಸೀಮೆ. ನಮ್ಮ ಕಡೆಗೆ ತಂದವರು 16ನೇ ಶತಮಾನದ ಪೋರ್ಚುಗೀಸರು. ಇಲ್ಲೊಂದು ತೊಡಕು. 941ರ ಸುಮಾರಿಗೆ ಕಾವ್ಯ ಬರೆದ ಪಂಪ ಬನವಾಸಿಯ ಮಾವು ಮಲ್ಲಿಗೆಗಳಿಗೆ ಮನಸೋತವನು, ಅನಾನಸ್ಸಿನ ಸೊಲ್ಲೇ ಎತ್ತಿಲ್ಲ. ಕಣ್ಣಿಗೆ ರಾಚುವಂತೆ ಮುಳ್ಳೆತ್ತಿ ನಿಂತ ಬೆಳೆಯನ್ನು ಮಹಾಕವಿ ಕಾಣದೆ ಹೋದನೆನ್ನುವುದು ಅವನಿಗೆ ಮಾಡುವ ಅವಮಾನ. ಪಂಪ ಕಂಡದ್ದು ಬೇರೆ ಬನವಾಸಿ, ಅಷ್ಟೇ.

ಇನ್ನು ಕುಸ್ಕೊ. ಅಲ್ಲಿಯ ಇಂಕಾ ಗೋಡೆಗಳಂತೆ ಮಧುಕೇಶ್ವರ ದೇವಾಲಯದ ಕಲ್ಲುಗಳೂ ಗಾರೆಯ ಹಂಗಿಲ್ಲದೆ ನಿಂತಿವೆ. ಕುಸ್ಕೊ ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರದಲ್ಲಿದೆ, ಬನವಾಸಿ 600ರ ಆಸುಪಾಸು ಎಂದು ಆಕ್ಷೇಪಿಸುವವರುಂಟು. ಉಳಿದ 2,800 ಮೀಟರ್ ಸವೆದು ಹೋಗಿದೆ. ಮಳೆಗಾಲದಲ್ಲಿ ವರದಾ ನದಿ ಕೆಂಪಗೆ ಹರಿಯುವುದು ಮತ್ತೇತಕ್ಕೆ? ಎತ್ತರಕ್ಕೆ ತಲೆ ಸುತ್ತುವ ಪ್ರವಾಸಿಗೆ ಕುಸ್ಕೊದವರು ಮೊದಲ ದಿನ ಕೋಕಾ ಎಲೆಯ ಕಷಾಯ ಕೊಟ್ಟು ಮಲಗೆನ್ನುತ್ತಾರೆ. ಊರವರು ಆ ಎಲೆಯನ್ನು ಸುಣ್ಣವನ್ನೋ ಬೂದಿಯನ್ನೋ ಸೇರಿಸಿ ಜಗಿಯುತ್ತಾರೆ. ನಮ್ಮ ಪ್ರವಾಸಿ ಪರಿಚಯದವರ ಜಗಲಿ ಹತ್ತಿದೊಡನೆ ಮನೆಯಾಕೆ “ಆಸ್ರಿಗೆ ಎಂತ ಮಾಡ್ಲಿ?” ಎಂದು ಕೇಳಿದರು. ಕುಡಿದು ಮುಗಿಯುವಷ್ಟರಲ್ಲಿ ಯಜಮಾನರು ಕವಳದ ಬಟ್ಟಲನ್ನು ಮುಂದೆ ಸರಿಸಿದರು: ಎಲೆ, ಮೇಲೆ ಸುಣ್ಣ. ಊಟಕ್ಕೆ ಅನಾನಸ್ ಗೊಜ್ಜು. ಆಮೇಲೆ ಚಾಪೆ ಹಾಸಿ “ಒಂಚೂರು ಅಡ್ಡಾಗಿ” ಎಂದರು. ಇದಕ್ಕಿಂತ ಸ್ಪಷ್ಟವಾದ ಶಾಸನ ಐಹೊಳೆಯಲ್ಲೂ ಸಿಗದು.

ರಸ್ತೆಬದಿಯ ಅಕೇಶಿಯಾ ತೋಪುಗಳನ್ನು ತೋರಿಸಿ ಇಡೀ ತಾಲೂಕು ಆಸ್ಟ್ರೇಲಿಯಾದಲ್ಲಿದೆ ಎನ್ನುವ ಪಂಥವೊಂದು ಹುಟ್ಟಬಹುದು. ಅಕೇಶಿಯಾವನ್ನು ಯಾರೂ ಗೊಜ್ಜು ಮಾಡುವುದಿಲ್ಲವಾದ್ದರಿಂದ ಆ ಪಂಥಕ್ಕೆ ಉತ್ತರಿಸುವ ಅಗತ್ಯವಿಲ್ಲ.

ಗಂಭೀರವಾದ ಪೂರ್ವಪಕ್ಷ ಒಂದೇ, ಶ್ರಾದ್ಧದ್ದು. ಅಂದು ಅಡುಗೆಮನೆಗೆ ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಯಾವುದಕ್ಕೂ ಪ್ರವೇಶವಿಲ್ಲ. ಖಾರಕ್ಕೆ ಕಾಳುಮೆಣಸು ಮಾತ್ರ. ಯಾವ ಮೆಣಸಿಗಾಗಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದರೋ ಅದೇ. ಹಡಗು ಬರುವ ಮೊದಲೇ ಹೊರಟುಹೋದ ಪಿತೃಗಳು ಏಷ್ಯಾದ ವಾಸಸ್ಥಳ ಬಿಟ್ಟುಕೊಟ್ಟಿಲ್ಲ. ಅವರ ಊಟಕ್ಕಾಗಿ ಇಡೀ ಮನೆ ಒಂದು ದಿನದ ಮಟ್ಟಿಗೆ ಕದಂಬರ ಕಾಲಕ್ಕೆ ಹೋಗಿ, ಮರುದಿನದ ದೋಸೆಗೆ ಹಸಿಮೆಣಸಿನ ಚಟ್ನಿ ಬೀಳುತ್ತಲೇ ಹಿಂದಿರುಗುತ್ತದೆ. ಆದುದರಿಂದ ಪ್ರವಾಸಿಯು ಎಕ್ಕಂಬಿಯಲ್ಲಿ ಇಳಿಯುವ ಮೊದಲು ಪಂಚಾಂಗ ನೋಡಿಕೊಳ್ಳತಕ್ಕದ್ದು. ಪಿತೃಪಕ್ಷದ ಹದಿನೈದು ದಿನ ದಕ್ಷಿಣ ಅಮೆರಿಕಕ್ಕೆ ರಜೆ.