ಏಳು ಏಜೆಂಟುಗಳ ಸಾವಕಾರ

ಜಿಲ್ಲಾ ಕೇಂದ್ರದ ಹಾರ್ಡ್‌ವೇರ್ ಅಂಗಡಿಯ ಎರಡನೇ ತಲೆಮಾರಿನ ಸಾವಕಾರನನ್ನು ಗುರುತಿಸುವುದು ಈಗ ಕಷ್ಟವಲ್ಲ. ಗಲ್ಲಾಪೆಟ್ಟಿಗೆಯ ಹಿಂದೆಯೇ ಕೂತಿರುತ್ತಾನೆ, ಆದರೆ ಅದರ ಕಡೆ ನೋಡುವುದಿಲ್ಲ. ಬಿ.ಇ. ಆಗಿದೆ, ಬೆಂಗಳೂರಿನ ಕಂಪನಿಯೊಂದರಲ್ಲಿ ಸ್ವಲ್ಪ ಕಾಲ ದುಡಿದು, ಅಪ್ಪನ ಮೊಣಕಾಲು ನೋವಿನ ನೆಪದಲ್ಲಿ ಊರಿಗೆ ಮರಳಿದ್ದಾನೆ. ಮುಕ್ಕಾಲು ಇಂಚಿನ ಎಲ್ಬೋ ಯಾವ ರ‍್ಯಾಕಿನಲ್ಲಿದೆ ಎಂದು ಕೇಳಿದರೆ ಗುಮಾಸ್ತರ ಮುಖ ನೋಡುತ್ತಾನೆ. ಎಐ ಏಜೆಂಟುಗಳೆಷ್ಟು ಎಂದು ಕೇಳಿದರೆ ಮಾತ್ರ ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾನೆ. ಒಟ್ಟು ಏಳು. ವಾಟ್ಸಾಪ್‌ನಲ್ಲಿ ರೇಟು ಕೇಳಿದವರಿಗೆ ಉತ್ತರಿಸಲು ಒಂದು, ಕೊಟೇಶನ್ ಬರೆಯಲು ಒಂದು, ಸ್ಟಾಕ್ ನೋಡಲು ಒಂದು, ಬಾಕಿ ವಸೂಲಿಗೆ ಒಂದು, ಜಿಎಸ್‌ಟಿಗೆ ಒಂದು, ಇನ್‌ಸ್ಟಾಗ್ರಾಮಿಗೆ ಒಂದು, ಈ ಆರೂ ನೆಟ್ಟಗೆ ಕೆಲಸ ಮಾಡುತ್ತಿವೆಯೋ ಇಲ್ಲವೋ ಎಂದು ಕಾಯಲು ಮತ್ತೊಂದು. ಅಂಗಡಿಯಲ್ಲಿ ಉಸಿರಾಡುವ ನೌಕರರು ಮೂವರು. ಉಸಿರಾಡದ ಏಳನ್ನು ಅವನು ‘ನನ್ನ ಟೀಮ್’ ಎನ್ನುತ್ತಾನೆ, ಉಸಿರಾಡುವ ಮೂವರನ್ನು ‘ಹುಡುಗರು’ ಎನ್ನುತ್ತಾನೆ. ಆ ಹುಡುಗರಲ್ಲೊಬ್ಬರಾದ ಗುಮಾಸ್ತರಿಗೆ ಐವತ್ತೆಂಟು ದಾಟಿದೆ.

ಇವನನ್ನು ಕಂಡು ನಗುವವರು ಸಾಮಾನ್ಯವಾಗಿ ತಪ್ಪು ಕಾರಣಕ್ಕೆ ನಗುತ್ತಾರೆ. ಯಂತ್ರವನ್ನು ನಂಬಿದ ಎಂದು ನಗುವುದರಲ್ಲಿ ಹುರುಳಿಲ್ಲ. ಕಿರ್ದಿ ಖಾತೆಯ ಉದ್ದನೆಯ ಪುಸ್ತಕ ಮುಚ್ಚಿ, ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿಯನ್ನು ಅಂಗಡಿಗೆ ತಂದವರು ಇಂಥವರ ಅಪ್ಪಂದಿರು. ಅಂದು ಆಡಿಕೊಂಡವರ ಮಕ್ಕಳೂ ಇಂದು ಟ್ಯಾಲಿಯಲ್ಲೇ ಬಿಲ್ಲು ಹಾಕುತ್ತಿದ್ದಾರೆ. ನಗು ಬರಬೇಕಾದದ್ದು ಅವನು ಕೆಲಸ ಹಂಚಿದ ರೀತಿಗೆ. ಅಂಗಡಿಯ ಕೆಲಸದಲ್ಲಿ ಎರಡು ಬಗೆ. ಒಂದರ ನಿಯಮ ಎಲ್ಲೋ ಬರೆದಿದೆ, ತಪ್ಪಾದರೆ ಮೊತ್ತ ತಾಳೆಯಾಗದೆ ತಾನೇ ಸಿಕ್ಕಿಬೀಳುತ್ತದೆ. ಇನ್ನೊಂದನ್ನು ಎದುರಿನವನ ಮುಖ ನೋಡಿ ಮಾಡಬೇಕು, ತಪ್ಪಾದರೆ ಯಾರೂ ಹೇಳುವುದಿಲ್ಲ. ಮೊದಲನೆಯದನ್ನು ಯಂತ್ರಕ್ಕೆ ಕೊಟ್ಟು ಎರಡನೆಯದನ್ನು ತಾನು ಇಟ್ಟುಕೊಂಡಿದ್ದರೆ ಅವನನ್ನು ಜಾಣ ಎನ್ನಬಹುದಿತ್ತು. ಅವನು ಸರಿಯಾಗಿ ಉಲ್ಟಾ ಮಾಡಿದ್ದಾನೆ. ಇದಕ್ಕೆ ಕಾರಣ ತಂತ್ರಜ್ಞಾನದಲ್ಲಿಲ್ಲ, ಅವನ ಸ್ವಭಾವದಲ್ಲಿದೆ: ದುಡ್ಡು ಕೇಳಲು ಅವನಿಗೆ ನಾಚಿಕೆ, ಚೌಕಾಸಿ ಎಂದರೆ ತಲೆನೋವು, ಮೇಸ್ತ್ರಿಗಳ ಜೊತೆ ಕೂತು ಚಹಾ ಕುಡಿಯಲು ಪುರಸೊತ್ತಿಲ್ಲ. ಎಂಜಿನಿಯರಿಂಗ್ ಓದಿದ್ದೇ ಇದರಿಂದ ಪಾರಾಗಲು. ಏಜೆಂಟು ಅವನಿಗೆ ಕೆಲಸ ಉಳಿಸುವುದಕ್ಕಿಂತ ಹೆಚ್ಚಾಗಿ ಮುಜುಗರ ಉಳಿಸುತ್ತದೆ.

ಉದ್ರಿಯನ್ನೇ ನೋಡಿ. ಮೇಸ್ತ್ರಿಯೊಬ್ಬ ಪೈಪು, ನಲ್ಲಿ, ಸೊಲ್ಯೂಷನ್ ಒಯ್ಯುತ್ತಾನೆ. ಮನೆ ಕಟ್ಟಿಸುವವನು ಕೊಟ್ಟಾಗ ಅವನು ಅಂಗಡಿಗೆ ಕೊಡುತ್ತಾನೆ. ಮನೆ ಕಟ್ಟಿಸುವವನು ಕೊಡುವುದು ಬ್ಯಾಂಕು ಸಾಲದ ಮುಂದಿನ ಕಂತು ಬಿಟ್ಟಾಗ, ಬ್ಯಾಂಕು ಬಿಡುವುದು ಕೆಲಸ ಮೇಲೆದ್ದಾಗ. ಹಾಗಾಗಿ ಹಳೆಯ ಸಾವಕಾರರು ಬಾಕಿ ಕೇಳುತ್ತಲೇ ಇರಲಿಲ್ಲ. ‘ಏನಪ್ಪಾ ಮೇಸ್ತ್ರಿ, ಮೋಲ್ಡ್ ಯಾವತ್ತು?’ ಎಂದು ತಾರಸಿ ಹಾಕುವ ದಿನ ಕೇಳುತ್ತಿದ್ದರು. ಆ ಒಂದು ಪ್ರಶ್ನೆಯಲ್ಲಿ ವಿಚಾರಣೆ, ನೆನಪೋಲೆ, ವಾಯಿದೆ ಮೂರೂ ಮುಗಿಯುತ್ತಿದ್ದವು. ವಸೂಲಿ ಏಜೆಂಟಿಗೆ ಮೋಲ್ಡು ಗೊತ್ತಿಲ್ಲ, ತಾರೀಖು ಗೊತ್ತು. ಮೂವತ್ತನೆಯ ದಿನ ವಿನಯದಿಂದ, ಮೂವತ್ತೇಳನೆಯ ದಿನ ಕೈಮುಗಿದ ಚಿತ್ರದೊಂದಿಗೆ, ನಲವತ್ತೈದನೆಯ ದಿನ ಕಾನೂನಿನ ಹೆಸರೆತ್ತಿ ಸಂದೇಶ ಕಳಿಸುತ್ತದೆ. ನಲವತ್ತೈದು ದಿನದ ನಿಯಮ ಇರುವುದೇನೋ ನಿಜ. ಆದರೆ ಅದು ಸಣ್ಣ ಉತ್ಪಾದಕರಿಗೆ, ಸೇವೆ ಕೊಡುವವರಿಗೆ ಇರುವ ರಕ್ಷಣೆ. ಸಗಟು, ಚಿಲ್ಲರೆ ವ್ಯಾಪಾರಿಗಳನ್ನು 2021ರಲ್ಲಿ ಎಂಎಸ್‌ಎಂಇ ಪಟ್ಟಿಗೆ ಸೇರಿಸಿದಾಗ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಎಂದು ಕೇಂದ್ರ ಸರ್ಕಾರವೇ ಹೇಳಿತ್ತು. ತನಗಿಲ್ಲದ ಕಾನೂನನ್ನು ತೋರಿಸಿ, ಆ ಕಾನೂನು ಕೇಳಿಯೇ ಇರದ ಮೇಸ್ತ್ರಿಯನ್ನು, ಅವನ ತಾಯಿಯ ತಿಥಿಯ ದಿನ ಹೆದರಿಸುವಷ್ಟು ಕಾರ್ಯದಕ್ಷತೆ ಯಾವ ಗುಮಾಸ್ತರಿಗೂ ಇರಲಿಲ್ಲ. ಮೇಸ್ತ್ರಿ ಜಗಳಕ್ಕೆ ಬರುವುದಿಲ್ಲ. ಬಾಕಿ ಚುಕ್ತಾ ಮಾಡಿ, ಮುಂದಿನ ಮನೆಯ ಸಾಮಾನಿಗೆ ಎದುರಿನ ಅಂಗಡಿಗೆ ಹೋಗುತ್ತಾನೆ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ‘ವಸೂಲಿ ನೂರಕ್ಕೆ ನೂರು’ ಎಂದು ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಹೋದ ಗಿರಾಕಿಯನ್ನು ಎಣಿಸುವ ಏಜೆಂಟನ್ನು ಯಾರೂ ಇನ್ನೂ ಮಾರಲು ಬಂದಿಲ್ಲ.

ಇದು ನಮ್ಮೂರಿನ ಸಾವಕಾರನೊಬ್ಬನದೇ ಹಣೆಬರಹವಲ್ಲ. 2025ರಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ ತನ್ನ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯ ಪುಟ್ಟ ಅಂಗಡಿಯೊಂದನ್ನು ತನ್ನದೇ ಮಾದರಿಯ ಕೈಗೆ ಸುಮಾರು ಒಂದು ತಿಂಗಳು ಒಪ್ಪಿಸಿ, ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಯಾರೋ ತಮಾಷೆಗೆ ಟಂಗ್‌ಸ್ಟನ್ ಲೋಹದ ಗಟ್ಟಿ ಕೇಳಿದರೆ ಅಂಗಡಿ ಅದನ್ನೂ ತರಿಸಿ, ಕೊಂಡ ಬೆಲೆಗಿಂತ ಕಡಿಮೆಗೆ ಮಾರಿತು. ಗಿರಾಕಿಗಳೆಲ್ಲ ಹೆಚ್ಚುಕಡಿಮೆ ಕಂಪನಿಯ ನೌಕರರೇ ಆಗಿದ್ದರೂ ನೌಕರರಿಗೆಂದು ವಿಶೇಷ ರಿಯಾಯಿತಿ ಕೊಟ್ಟಿತು. ಇಲ್ಲದ ಖಾತೆಗೆ ಹಣ ಹಾಕಲು ಹೇಳಿತು. ಒಂದು ದಿನವಂತೂ ತಾನೇ ನೀಲಿ ಕೋಟು, ಕೆಂಪು ಟೈ ತೊಟ್ಟು ಸಾಮಾನು ತಲುಪಿಸುತ್ತೇನೆ ಎಂದಿತು. ಕಡೆಗೆ ಅಂಗಡಿ ನಷ್ಟದಲ್ಲಿತ್ತು. ಗಮನಿಸಿ, ಅಲ್ಲಿ ಎಡವಿದ್ದು ಕೂಡುವ ಕಳೆಯುವ ಲೆಕ್ಕದಲ್ಲಲ್ಲ; ‘ಇಲ್ಲ, ಆಗೋದಿಲ್ಲ’ ಎನ್ನಬೇಕಾದ ಜಾಗದಲ್ಲಿ. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನೊಬ್ಬನಿಗೆ ರಿಯಾಯಿತಿಯ ಬಗ್ಗೆ ತಪ್ಪು ಹೇಳಿದಾಗ, ಅದು ತನ್ನ ಮಾತಿಗೆ ತಾನೇ ಹೊಣೆ ಎಂಬ ಧಾಟಿಯಲ್ಲಿ ಸಂಸ್ಥೆ ವಾದಿಸಿತು. 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಅದನ್ನು ಒಪ್ಪದೆ ಪರಿಹಾರ ಕಟ್ಟಿಸಿತು. ಏಜೆಂಟಿನ ಬಾಯಿಂದ ಬಿದ್ದ ರೇಟು ಸಾವಕಾರನ ರೇಟೇ ಎಂಬುದು ನಮ್ಮ ಗಿರಾಕಿಗಳಿಗೆ ತೀರ್ಪು ಓದದೆಯೂ ಗೊತ್ತು. ವಾಟ್ಸಾಪ್ ತೆರೆದು ಕೌಂಟರಿನ ಮೇಲಿಡುತ್ತಾರೆ.

ಇನ್ನು ಅವನು ತನ್ನ ಬಳಿ ಉಳಿಸಿಕೊಂಡ ಕೆಲಸ. ಖರೀದಿಗೆ ಕಟ್ಟಿದ ಜಿಎಸ್‌ಟಿ ತನ್ನ ತೆರಿಗೆಯಲ್ಲಿ ವಜಾ ಸಿಗಬೇಕಾದರೆ ಸರಬರಾಜುದಾರ ಆ ಬಿಲ್ಲನ್ನು ತನ್ನ ಲೆಕ್ಕದಲ್ಲಿ ತೋರಿಸಿರಬೇಕು. 2022ರಿಂದ ಇದು ಕಟ್ಟುನಿಟ್ಟು. ತಿಂಗಳ ಲೆಕ್ಕ ಕೊಡುವವರಿಗೆ ಹನ್ನೊಂದಕ್ಕೆ ಮಾರಾಟದ ರಿಟರ್ನ್, ಹದಿನಾಲ್ಕಕ್ಕೆ ಸರಬರಾಜುದಾರರು ತೋರಿಸಿದ ಬಿಲ್ಲುಗಳ 2ಬಿ ಪಟ್ಟಿ, ಇಪ್ಪತ್ತಕ್ಕೆ ತೆರಿಗೆ ಕಟ್ಟುವ 3ಬಿ ರಿಟರ್ನ್. ನಡುವಿನ ಆ ಆರು ದಿನ ಖರೀದಿ ಪುಸ್ತಕವನ್ನು 2ಬಿಗೆ ಸಾಲು ಸಾಲಾಗಿ ತಾಳೆ ನೋಡಬೇಕು. ಒಬ್ಬ ಬಿಲ್ ನಂಬರನ್ನು 0047 ಎಂದು ಬರೆದಿರುತ್ತಾನೆ, ಅಂಗಡಿಯಲ್ಲಿ 47 ಎಂದಿರುತ್ತದೆ. ಇನ್ನೊಬ್ಬ ಮಾರ್ಚಿನ ಬಿಲ್ಲನ್ನು ಏಪ್ರಿಲ್‌ಗೆ ಹಾಕಿರುತ್ತಾನೆ. ಮತ್ತೊಬ್ಬ ಹಾಕಿಯೇ ಇರುವುದಿಲ್ಲ. ಕಣ್ಣು ಕಿತ್ತುಕೊಳ್ಳುವ ಈ ಕೆಲಸದಲ್ಲಿ ಮಾನ, ಮರ್ಯಾದೆ, ದಾಕ್ಷಿಣ್ಯ ಯಾವುದೂ ಇಲ್ಲ. ಏಜೆಂಟಿಗೆ ಹೇಳಿ ಮಾಡಿಸಿದ್ದು. ತಪ್ಪಿದರೆ ರಿಟರ್ನ್ ಹಾಕುವ ಮೊದಲೇ ತೋರುತ್ತದೆ, ಮೇಲೆ ಆಡಿಟರ್ ಇದ್ದಾರೆ. ಆದರೆ ಇದನ್ನು ಮಾತ್ರ ನಮ್ಮ ಸಾವಕಾರ ರಾತ್ರಿ ಹನ್ನೊಂದರವರೆಗೆ ಕೂತು ಸ್ವಂತ ಕೈಯಾರೆ ಮಾಡುತ್ತಾನೆ. ಜಿಎಸ್‌ಟಿ ಏಜೆಂಟಿನ ಕೆಲಸ ‘ಇವತ್ತು ಹದಿನಾಲ್ಕನೇ ತಾರೀಖು’ ಎಂದು ಅವನಿಗೆ ನೆನಪಿಸುವುದಷ್ಟೇ. ಅದನ್ನು ಗೋಡೆಯ ಮೇಲಿನ ಪಂಚಾಂಗವೂ ಬಿಟ್ಟಿಯಾಗಿ ಹೇಳುತ್ತದೆ. ತಾಳೆಯನ್ನು ತಾನೇ ನೋಡುವುದು ಯಾಕೆಂದು ಕೇಳಿದರೆ ‘ಟ್ಯಾಕ್ಸ್ ವಿಷಯ ಸಾರ್, ರಿಸ್ಕ್ ಬೇಡ’ ಎನ್ನುತ್ತಾನೆ. ಮೂವತ್ತು ವರ್ಷದ ಗಿರಾಕಿಯ ಸಂಬಂಧ ಅವನ ಪಟ್ಟಿಯಲ್ಲಿ ರಿಸ್ಕ್ ಅಲ್ಲ, ಏಕೆಂದರೆ ಅದಕ್ಕೆ ಯಾರೂ ನೋಟಿಸ್ ಕಳಿಸುವುದಿಲ್ಲ.

ನೋಟಿಸಿನ ಭಯವನ್ನು ಹಗುರವಾಗಿ ನೋಡಬಾರದು ಎಂದು ಅವನ ಪರವಾಗಿ ಹೇಳಬಹುದು. ಒಪ್ಪುವ ಮಾತೇ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸಿನವರು ಕ್ಯೂಆರ್ ಚೀಟಿ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದ್ದರು. ದೊಡ್ಡ ಕಂಪನಿಗೆ ಇಂಥದ್ದಕ್ಕೆಲ್ಲ ಒಂದು ವಿಭಾಗವೇ ಇರುತ್ತದೆ. ಇವನಿಗಿರುವುದು ಒಂದು ತಲೆ, ಅದೂ ಪೈಪಿನ ರೇಟಿನಲ್ಲಿ ಮುಳುಗಿದ್ದು. ಅಂಥವನು ನೆರವಿಗೆ ಯಂತ್ರದ ಕಡೆ ಕೈ ಚಾಚಿದರೆ ಹಂಗಿಸುವುದು ಸಣ್ಣತನ. ಆದರೆ ಈ ಮಾತು ಜಿಎಸ್‌ಟಿ ತಾಳೆಗೆ ಏಜೆಂಟು ಬೇಕು ಎಂಬುದನ್ನು ಸಾಧಿಸುತ್ತದೆಯೇ ಹೊರತು ವಸೂಲಿಗೆ ಬೇಕು ಎಂಬುದನ್ನಲ್ಲ.

ಗುಮಾಸ್ತರೂ ತಪ್ಪು ಮಾಡುವುದಿಲ್ಲವೇ ಎಂಬುದು ಇನ್ನೊಂದು ತಕರಾರು. ಮಾಡುತ್ತಾರೆ. ಗುಮಾಸ್ತರು ತಪ್ಪು ರೇಟು ಹೇಳಿದರೆ ಒಬ್ಬ ಗಿರಾಕಿಗೆ ಹೇಳುತ್ತಾರೆ, ಊಟದ ಹೊತ್ತಿಗೆ ಅವರಿಗೇ ಹೊಳೆದು ಫೋನು ಮಾಡುತ್ತಾರೆ. ಏಜೆಂಟು ಅದೇ ತಪ್ಪನ್ನು ಊಟಕ್ಕೂ ಏಳದೆ ಎಲ್ಲರಿಗೂ ಹೇಳುತ್ತದೆ. ಏಳನ್ನು ಒಂದರ ಬಾಲಕ್ಕೊಂದು ಕಟ್ಟಿದಾಗ ಲೆಕ್ಕ ಇನ್ನೂ ಕೆಡುತ್ತದೆ: ಪ್ರತಿ ಹೆಜ್ಜೆಯೂ ನೂರಕ್ಕೆ ತೊಂಬತ್ತೈದು ಸಲ ಸರಿ ಎಂದುಕೊಂಡರೂ, ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಪೂರ್ತಿ ಸರಿಯಾಗುವುದು ನೂರಕ್ಕೆ ಅರವತ್ತು ಸಲ ಮಾತ್ರ. ಮೇಲ್ವಿಚಾರಣೆಯ ಏಜೆಂಟು ಇದನ್ನು ಹಿಡಿಯುತ್ತದೆ ಎಂದು ಅವನ ನಂಬಿಕೆ. ಅದು ಹಿಡಿಯುವುದು ಬರವಣಿಗೆಯಲ್ಲಿ ಕಾಣುವ ತಪ್ಪನ್ನು. ಮೇಸ್ತ್ರಿಗೆ ಹೋದ ಸಂದೇಶದಲ್ಲಿ ಹೆಸರು ಸರಿ, ಮೊತ್ತ ಸರಿ, ಕಾಗುಣಿತ ಕೂಡ ಸರಿ. ದಿನ ಒಂದೇ ತಪ್ಪು.

ಮುಂದಿನ ವರ್ಷದ ಮಾದರಿ ಇದನ್ನೆಲ್ಲ ಕಲಿತುಬಿಡುತ್ತದೆ ಎನ್ನುವವರಿದ್ದಾರೆ. ಯಂತ್ರ ಸುಧಾರಿಸುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ವಾದಿಸುವಂಥದ್ದಲ್ಲ. ಆದರೆ ಯಾವ ಮೇಸ್ತ್ರಿಗೆ ಎಷ್ಟರ ತನಕ ಉದ್ರಿ, ಯಾರಿಗೆ ಮೂರು ಸಲ ಹೇಳಬೇಕು, ಯಾರಿಗೆ ಒಂದು ಸಲ ಹೇಳಿದರೂ ಅವಮಾನ, ‘ಮೊನ್ನೆ ಒಯ್ದಿದ್ನಲ್ಲ, ಅದೇ ಕೊಡಿ’ ಎಂದರೆ ಯಾವುದು, ಇವೆಲ್ಲ ಟ್ಯಾಲಿಯಲ್ಲಿಲ್ಲ, ಹಳೇ ಕಿರ್ದಿಯಲ್ಲೂ ಇರಲಿಲ್ಲ. ಅಪ್ಪನ ತಲೆಯಲ್ಲಿವೆ, ಅರ್ಧ ಗುಮಾಸ್ತರ ತಲೆಯಲ್ಲಿವೆ. ಬರೆದಿಡದ್ದನ್ನು ಎಷ್ಟು ಜಾಣ ಮಾದರಿಯಾದರೂ ಓದಲಾರದು. ಬರೆದಿಡಬೇಕೆಂದರೆ ಮಗ ಅಪ್ಪನ ಪಕ್ಕ ಒಂದು ವರ್ಷ ಕೂತು ಕೇಳಬೇಕು. ಹಾಗೆ ಕೂತರೆ ಅಷ್ಟರಲ್ಲಿ ಅವನಿಗೇ ವ್ಯಾಪಾರ ಬಂದುಬಿಡುವ ಅಪಾಯವಿದೆ.

ಸದ್ಯಕ್ಕೆ ಅವನು ಕಂಡುಕೊಂಡಿರುವ ದಾರಿ ಹೀಗಿದೆ. ಏಜೆಂಟು ಬರೆದ ಪ್ರತಿ ಸಂದೇಶವೂ ಗಿರಾಕಿಗೆ ಹೋಗುವ ಮೊದಲು ಗುಮಾಸ್ತರ ಫೋನಿಗೆ ಬರುತ್ತದೆ. ಅವರು ಒಪ್ಪಿದರೆ ಮಾತ್ರ ಮುಂದೆ. ಗುಮಾಸ್ತರು ಕನ್ನಡಕ ಹಣೆಗೇರಿಸಿ, ಹೆಸರು ನೋಡಿ, ಹೆಚ್ಚಿನವನ್ನು ಅಳಿಸಿ, ಮೇಸ್ತ್ರಿಗೆ ತಾವೇ ಫೋನು ಮಾಡಿ ಮೋಲ್ಡಿನ ವಿಷಯ ಕೇಳುತ್ತಾರೆ. ಏಳರ ಕೆಲಸ ತಮ್ಮೊಬ್ಬರ ತಲೆಗೆ ಬಂತೆಂದು ಅವರು ಸಂಬಳ ಹೆಚ್ಚಿಗೆ ಕೇಳಿದ್ದಾರೆ. ಆ ಮಾತುಕತೆಗೆ ಯಾವ ಏಜೆಂಟನ್ನು ಕಳಿಸುವುದೆಂದು ಸಾವಕಾರ ಯೋಚಿಸುತ್ತಿದ್ದಾನೆ.