ತಟ್ಟೆಯಲ್ಲೂ ನಮ್ಮೂರು ಕಾಣಲಿ: ಬ್ರೂಪಬ್ ಮಾಲೀಕರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಬ್ರೂಪಬ್ ಮಾಲೀಕರೇ,

ನಿಮ್ಮ ಬಿಯರಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಗಾಜಿನ ಗೋಡೆಯಾಚೆಯ ಸ್ಟೀಲ್ ಟ್ಯಾಂಕಿನಲ್ಲಿ ವಾರಗಟ್ಟಲೆ ಹುದುಗೆದ್ದು ನಾಲ್ಕು ಹೆಜ್ಜೆ ದಾಟಿ ನಮ್ಮ ಮೇಜಿಗೆ ಬರುತ್ತದೆ. ಬೇಸಿಗೆ ಬಂತೆಂದರೆ ಮಾವಿನ ಬಿಯರ್ ಮಾಡುತ್ತೀರಿ. ಕೆಲವರು ರಾಗಿಯನ್ನೂ ಹಾಕಿ ನೋಡಿದ್ದೀರಿ. ಶನಿವಾರ ಸಂಜೆ ಇಡೀ ಬಡಾವಣೆಯೇ ನಿಮ್ಮಲ್ಲಿ ಸೇರಿ ಗಲಗಲ ಎನ್ನುವಾಗ ಖುಷಿಯಾಗುತ್ತದೆ. ಇಷ್ಟೆಲ್ಲ ಬಲ್ಲ ನೀವು ಊಟದ ವಿಷಯದಲ್ಲಿ ಮಾತ್ರ ಯಾಕೆ ಕೈಬಿಟ್ಟಿರಿ?

ಜನವರಿಯ ಒಂದು ಸಂಜೆ ನಮ್ಮ ಬಡಾವಣೆಯ ಪಬ್ಬಿನಲ್ಲಿ ಕೂತಿದ್ದೆ. ಮೆನು ಒಂದು ಪುಸ್ತಕದಷ್ಟಿತ್ತು: ನಾಚೋಸ್, ಸುಶಿ, ಪಿಜ್ಜಾ, ಪೆರಿಪೆರಿ ಚಿಕನ್, ಬಟರ್ ಚಿಕನ್. ಹೊರಗೆ ಅದೇ ತಿರುವಿನಲ್ಲಿ ಗೋಣಿಚೀಲ ಹಾಸಿ ಅವರೆಕಾಯಿ ರಾಶಿ ಹಾಕಿದ್ದರು. ಮುಟ್ಟಿದರೆ ಕೈಗೆ ಅಂಟುವ, ಸೊಗಡು ತುಂಬಿದ ಕಾಯಿ. ಆ ತಿಂಗಳು ಈ ಊರಿನ ಮನೆಮನೆಯಲ್ಲೂ ಕಾಳು ನೆನೆಸಿ, ಬೆರಳಲ್ಲಿ ಒತ್ತಿ ಸಿಪ್ಪೆ ಹಾರಿಸಿ ಹಿತಕಿದ ಬೇಳೆ ಸಾರು ಮಾಡುತ್ತಾರೆ. ಪಬ್ಬಿನ ಒಳಗೆ ಅದರ ಸುಳಿವೇ ಇರಲಿಲ್ಲ. ಹುರಿದ ಅವರೆಬೇಳೆಗಿಂತ ಒಳ್ಳೆಯ ಜೊತೆ ಬಿಯರಿಗೆ ಬೇಕೆ?

ಮೀನಿನ ಕಥೆಯೂ ಇದೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ. ನಿಮ್ಮ ಮೆನುವಿನಲ್ಲಿ ಮಾತ್ರ ಕಾಣೆ ರವಾ ಫ್ರೈ ಹನ್ನೆರಡು ತಿಂಗಳೂ ಅದೇ ಪುಟದಲ್ಲಿ, ಅದೇ ಬೆಲೆಗೆ.

ಬಿಯರಿನಷ್ಟೇ ಊಟಕ್ಕೂ ಬೆಲೆ ಕೊಡುವ ಪಬ್, ಅಂದರೆ ಗ್ಯಾಸ್ಟ್ರೋಪಬ್, ಹುಟ್ಟಿದ್ದು ಹೀಗಲ್ಲ. 1989ರಲ್ಲಿ ಬ್ರಿಟನ್ನಿನ ಸರ್ಕಾರ, 2,000ಕ್ಕಿಂತ ಹೆಚ್ಚು ಪಬ್ ಇಟ್ಟುಕೊಂಡಿದ್ದ ದೊಡ್ಡ ಬಿಯರ್ ಕಂಪನಿಗಳ ಹಿಡಿತ ಸಡಿಲಿಸಿತು. ಎಷ್ಟೋ ಪಬ್ಬುಗಳು ಹೊಸಬರ ಕೈಗೆ ಬಂದವು. 1991ರಲ್ಲಿ ಮೈಕ್ ಬೆಲ್ಬೆನ್, ಡೇವಿಡ್ ಐರ್ ಇಬ್ಬರೂ ಸೇರಿ ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯಲ್ಲಿ 'ದಿ ಈಗಲ್' ಪಬ್ಬನ್ನು ವಹಿಸಿಕೊಂಡರು. ಜೋಡಿಯಿಲ್ಲದ ಹಳೇ ಕುರ್ಚಿಗಳು, ಬಾರ್ ಕಟ್ಟೆಯ ಪಕ್ಕದಲ್ಲೇ ಎಲ್ಲರಿಗೂ ಕಾಣುವ ಒಲೆ, ಗೋಡೆಯ ಮೇಲೆ ಕರಿಹಲಗೆ. ಆ ದಿನ ಏನು ಬೇಯುತ್ತದೋ ಅದನ್ನು ಸೀಮೆಸುಣ್ಣದಲ್ಲಿ ಬರೆಯುವುದು, ಮುಗಿದರೆ ಅಳಿಸುವುದು. ಅದೇ ಜಗತ್ತಿಗೆಲ್ಲ ಮಾದರಿಯಾಯಿತು. ನೀವು ಆ ಕುರ್ಚಿಗಳನ್ನೂ ಇಟ್ಟಿಗೆ ಗೋಡೆಯನ್ನೂ ತಂದಿರಿ, ಕರಿಹಲಗೆಯನ್ನು ಬಿಟ್ಟುಬಂದಿರಿ.

'ಗಿರಾಕಿ ಕೇಳುವುದೇ ನಾಚೋಸ್' ಎನ್ನುತ್ತೀರಿ. ನಾನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಮಿಲಿಟರಿ ಹೋಟೆಲಿನ ಮುಂದೆ ದೊನ್ನೆ ಬಿರಿಯಾನಿಗೆ ಸಾಲು ನಿಲ್ಲುವವರೇ ಸಂಜೆ ನಿಮ್ಮಲ್ಲಿ ಪಿಚರ್ ಹಂಚಿಕೊಳ್ಳುತ್ತಾರೆ. ಕಾಚಂಪುಳಿ ಹಾಕಿ ಕಪ್ಪಾಗಿಸಿದ ಕೊಡಗಿನ ಪಂದಿಕರಿಯನ್ನು ನಿಮ್ಮ ಸ್ಟೌಟ್ ಜೊತೆ ಒಮ್ಮೆ ಕೊಟ್ಟು ನೋಡಿ. ನಾಟಿಕೋಳಿ ಹುರಿದು ಕೊಡಿ. ಮಳೆಗಾಲದಲ್ಲಿ ಕಳಲೆ ಪಲ್ಯ ಮಾಡಿ.

 

ಸದ್ಯಕ್ಕೆ ನನ್ನ ಕೋರಿಕೆ ಇಷ್ಟೇ. ಬರುವ ಡಿಸೆಂಬರಿಗೆ ಒಂದು ಕರಿಹಲಗೆ ತೂಗುಹಾಕಿ. ಅವರೆ ಬಂದ ದಿನ ಬರೆಯಿರಿ. 'ಇವತ್ತು ಮುಗಿದಿದೆ' ಎನ್ನಲು ಹಿಂಜರಿಯಬೇಡಿ, ನಾವು ನಾಳೆ ಬರುತ್ತೇವೆ.

ಇಂತಿ,
ನಿಮ್ಮ ಪಕ್ಕದ ಬೀದಿಯ ಗಿರಾಕಿ