ಡಿಗ್ರಿಗೂ ಔಟ್‌ಟರ್ನ್

ಲೆಕ್ಕದ ಮಾವ ಎಂಬುದು ಕೊಡಗಿನ ಮೂರ್ನಾಡಿನ ಸುತ್ತಮುತ್ತ ಹೇರಳವಾಗಿ ಕಂಡುಬರುವ, ಐವತ್ತು ದಾಟಿದ, ಕಾಫಿ ತೋಟವುಳ್ಳ ಪ್ರಭೇದ. ವಾಸ: ಪೇಟೆಯ ಅಂಗಡಿ ಜಗಲಿ, ಮದುವೆಯ ಊಟದ ಸಾಲು. ಆಹಾರ: ಪಕ್ಕದ ಮನೆ ಮಕ್ಕಳ ಪಿಯುಸಿ ಅಂಕ. ಚೆರಿ ಕಾಫಿಯ ಮೂಟೆಯಲ್ಲಿ ಬೇಳೆ ಎಷ್ಟು ಸಿಕ್ಕೀತು ಎಂದು ಔಟ್‌ಟರ್ನ್ ನೋಡಿದಂತೆಯೇ ಪ್ರತಿ ಡಿಗ್ರಿಗೂ ನೋಡುತ್ತಾನೆ.

ಇಂಜಿನಿಯರಿಂಗ್, ನರ್ಸಿಂಗ್‌ಗಳ ಲೆಕ್ಕ ಬಾಯಿಪಾಠ. ಭೂಭೌತಶಾಸ್ತ್ರ ಎದುರಾದರೆ ಮಾತ್ರ ರೋಗ ಉಲ್ಬಣಿಸುತ್ತದೆ. ದಾಖಲಾದ ಒಂದು ಪ್ರಕರಣದಲ್ಲಿ, ಮದುವೆ ಊಟಕ್ಕೆ ಕುಳಿತ ಹುಡುಗಿಯೊಬ್ಬಳು ಆ ಹೆಸರೆತ್ತಿದಳು.

“ಬೋರ್‌ವೆಲ್ ಪಾಯಿಂಟ್ ನೋಡೋದಾ? ಅದಕ್ಕೆ ಅಂಗೈ ಮೇಲೊಂದು ತೆಂಗಿನಕಾಯಿ ಸಾಕಲ್ಲ ಮಗಾ!”

ನೆಲಕ್ಕೆ ನಾಲ್ಕು ಸರಳು ಚುಚ್ಚಿ, ವಿದ್ಯುತ್ ಹರಿಸಿ, ರೋಧವಳೆದು ನೀರಿನ ಪದರವನ್ನು ಅಂದಾಜಿಸುವ ಬಗೆಯನ್ನು ಅವಳು ವಿವರಿಸಿದಳು. ಮಾವ ಆಗಲೇ ಲಗ್ನಪತ್ರಿಕೆಯ ಬೆನ್ನಲ್ಲಿ ಬರೆಯತೊಡಗಿದ್ದ. ರೂರ್ಕಿ, ಧನ್‌ಬಾದ್ ಐಐಟಿಗಳಾದರೆ ಬೋಧನಾ ಶುಲ್ಕವೇ ವರ್ಷಕ್ಕೆ ಸುಮಾರು 2 ಲಕ್ಷ. ಹಾಸ್ಟೆಲ್, ಊಟ, ರೈಲು ಬೇರೆ. ಇಲ್ಲೇ ಬಿಎಸ್‌ಸಿ ಮುಗಿಸಿ ಹೈದರಾಬಾದಿನ ಉಸ್ಮಾನಿಯಾದಲ್ಲಿ ಎಂಎಸ್‌ಸಿ ಮಾಡಿದರೆ ಖರ್ಚು ಎಷ್ಟೋ ಕಡಿಮೆ. ಗಳಿಕೆ? ಯುಪಿಎಸ್‌ಸಿ ಪರೀಕ್ಷೆ ಗೆದ್ದು ಭೂಭೌತವಿಜ್ಞಾನಿಯಾದರೆ ಆರಂಭದ ಮೂಲ ವೇತನ 56,100. ಅದನ್ನು 12ರಿಂದ ಗುಣಿಸಿ, ಮೂವತ್ತು ವರ್ಷಕ್ಕೆ ಎಳೆದು, ಬಡ್ಡಿ ಕಳೆದು, “ಏಲಕ್ಕಿ ಹಾಕಿದ್ರೂ ಇಷ್ಟು ಬರ್ತಿತ್ತು” ಎಂದು ತೀರ್ಪಿತ್ತ. ಹುಡುಗಿಯ ತಂದೆ ಪಾಯಸ ಬಿಟ್ಟು ಎದ್ದ. ಆತ ಯಾರೆಂಬುದು ಇಲ್ಲಿ ಅಪ್ರಸ್ತುತ.

ಮಾವನ ಕೂಡಿಸು-ಕಳೆಯುವಿಕೆಯಲ್ಲಿ ತಪ್ಪಿರುವುದಿಲ್ಲ. ದೋಷವಿರುವುದು ಗಳಿಕೆಯನ್ನು ನೇರ ಗೆರೆಯಾಗಿ ಎಳೆಯುವುದರಲ್ಲಿ. ಈ ವಿದ್ಯೆಯ ದೊಡ್ಡ ಸಂಬಳಗಳು ತೈಲ ಕಂಪನಿಗಳವು. 2014ರ ನಡುವಿನಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿದಾಗ ನಿಕ್ಷೇಪ ಶೋಧನೆಗೂ ಕತ್ತರಿ ಬಿತ್ತು, ನೌಕರಿಗಳೂ ಹೋದವು. ಹೀಗಿರುವಾಗ ಸೀಟು ಸಿಕ್ಕ ವರ್ಷದ ಸಂಬಳ ನೋಡಿ ಕೋರ್ಸ್ ಆರಿಸುವುದು ಜೂಜು. ತೈಲ ಕೈಕೊಟ್ಟರೂ ಅಂತರ್ಜಲ, ಖನಿಜ, ಭೂಕಂಪಗಳತ್ತ ಹೊರಳಲು ಬಿಡುವ, ಸಾಲ ಕಡಿಮೆ ಬೇಡುವ ಕೋರ್ಸೇ ಲೇಸು. 2000ದ ಆಸುಪಾಸಿನಲ್ಲಿ ಕಾಫಿ ದರ ಕುಸಿದದ್ದನ್ನು ಕಂಡುಂಡವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಪಕ್ಕದ ಮನೆಯ ಮಕ್ಕಳ ವಿಷಯದಲ್ಲಿ ಅವನಿಗದು ನೆನಪಾಗದು.

ಉಳಿದ ಲಕ್ಷಣಗಳು: ಜೇಬಿನಲ್ಲಿ ಎರಡು ಪೆನ್ನು, ಮಳೆಯ ಅಳತೆ ಇಂಚಿನಲ್ಲಿ, ತನ್ನ ಮಗನ ಸಂಬಳದ ಬಗ್ಗೆ ಮೌನ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದ ಮೇಲೆ ಈ ಪ್ರಭೇದದಲ್ಲಿ ಸಣ್ಣ ಬದಲಾವಣೆ ಕಂಡಿದೆ. ಅದೇ ಹುಡುಗಿಯನ್ನು ಹಾದಿಯಲ್ಲಿ ತಡೆದು, ನಮ್ಮ ಗುಡ್ಡದೊಳಗೆ ನೀರು ಎಲ್ಲಿ ನಿಂತಿದೆಯೆಂದು ಆ ಸರಳುಗಳಿಂದ ತಿಳಿದೀತೇ ಎಂದು ಮಾವ ತಗ್ಗಿದ ದನಿಯಲ್ಲಿ ಕೇಳಿದ. ತಕ್ಕಮಟ್ಟಿಗೆ ತಿಳಿಯುತ್ತದೆ ಎಂದಳು. ಶಿಕ್ಷಣ ಸಾಲ 4 ಲಕ್ಷ ದಾಟಿ ಬ್ಯಾಂಕು ಜಾಮೀನುದಾರನನ್ನು ಕೇಳಿದಾಗ ಸಹಿ ಹಾಕಿದವನೂ ಅವನೇ. ಓದುವ ವರ್ಷಗಳ ಬಡ್ಡಿ ಸರಳವೋ ಚಕ್ರವೋ ಎಂದು ಮ್ಯಾನೇಜರನ್ನು ಅರ್ಧ ಗಂಟೆ ಪೀಡಿಸಿದ ಬಳಿಕ.